ಸ್ಪೀಕರ್ ಬದಲಿಸುವ ಮೊದಲು ಸೋಫಾ ಸರಿಸಿ

ಓದುಗರ ಪ್ರಶ್ನೋತ್ತರ: ಮನೆಯ ಆಡಿಯೋ

ಈ ಸಲದ ಪತ್ರಗಳೆಲ್ಲ ಕೊಡಗಿನವು. ಯಾರ ಮನೆಯಲ್ಲೂ ಸಂಗೀತಕ್ಕೆಂದೇ ಕಟ್ಟಿಸಿದ ಕೋಣೆಯಿಲ್ಲ. ಟಿವಿ, ಊಟದ ಮೇಜು, ಮಕ್ಕಳ ಸೈಕಲ್ಲು, ಮಳೆಗಾಲದಲ್ಲಿ ಹಗ್ಗಕ್ಕೆ ಹಾಕಿದ ಬಟ್ಟೆ ಎಲ್ಲ ಒಟ್ಟಿಗಿರುವ ಹಾಲ್‌ಗಳು. ಅರ್ಧಕ್ಕರ್ಧ ಪತ್ರಗಳು ‘ಯಾವ ಆಂಪ್ಲಿಫೈಯರ್ ಕೊಳ್ಳಲಿ?’ ಎಂದೇ ಮುಗಿಯುತ್ತವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಕೊಳ್ಳುವುದೇನೂ ಬೇಕಿಲ್ಲ.

ನಮ್ಮ ಹಾಲ್ 14 ಅಡಿ ಉದ್ದ, 11 ಅಡಿ ಅಗಲ, 10 ಅಡಿ ಎತ್ತರ. ಆರ್‌ಸಿಸಿ ತಾರಸಿ, ನೆಲಕ್ಕೆ ವಿಟ್ರಿಫೈಡ್ ಟೈಲ್ಸ್. ಎಡಗಡೆ ದೊಡ್ಡ ಗಾಜಿನ ಕಿಟಕಿ. ಬಲಗಡೆ ಗೋಡೆಯೇ ಇಲ್ಲ, ಊಟದ ಕೋಣೆಗೆ ತೆರೆದಿದೆ. ಐದಿಂಚಿನ ವೂಫರ್ ಇರುವ ಬುಕ್‌ಶೆಲ್ಫ್ ಸ್ಪೀಕರ್‌ಗಳು ಟಿವಿ ಶೋಕೇಸಿನ ಖಾನೆಗಳಲ್ಲಿವೆ. ಬೇಸ್ ಗುಂಯ್‌ಗುಡುತ್ತದೆ, ಹಾಡಿನ ಪದ ತಿಳಿಯುವುದಿಲ್ಲ. ದೊಡ್ಡ ಆಂಪ್ಲಿಫೈಯರ್ ಹಾಕಿದರೆ ಸರಿಹೋಗುತ್ತದೆ ಎನ್ನುತ್ತಾರೆ. ನಿಜವೇ? — ಓದುಗರೊಬ್ಬರು, ವಿರಾಜಪೇಟೆ

ಅಲ್ಲ. ಗುಂಯ್‌ಗುಡುವುದನ್ನು ಇನ್ನೂ ಜೋರಾಗಿ ಕೇಳಬಹುದು, ಅಷ್ಟೇ.

ಮೊದಲ ತಪ್ಪು ಖಾನೆಯದು. ಸ್ಪೀಕರ್‌ನ ಸುತ್ತ ಮೂರು ಕಡೆ ಹಲಗೆ ಇದ್ದರೆ ಖಾನೆಯೇ ಒಂದು ಪೆಟ್ಟಿಗೆಯಾಗಿ 100ರಿಂದ 200 ಹರ್ಟ್ಸ್ ಆಸುಪಾಸಿನ ಸದ್ದನ್ನು ಉಬ್ಬಿಸುತ್ತದೆ. ಗಂಡುದನಿಯ ಬುಡ ಇರುವುದು ಅಲ್ಲೇ. ಆ ಉಬ್ಬು ಮೇಲಿನ ವ್ಯಂಜನಗಳನ್ನೆಲ್ಲ ಮುಚ್ಚಿಬಿಡುತ್ತದೆ, ಪದ ತಿಳಿಯದಿರುವುದು ಅದಕ್ಕೆ. ನಿಮ್ಮ ಸ್ಪೀಕರ್‌ಗೆ ಹಿಂಬದಿಯಲ್ಲಿ ಗಾಳಿಯ ತೂತು ಇದ್ದರಂತೂ ಅದು ಖಾನೆಯ ಹಿಂಬದಿ ಹಲಗೆಗೆ ನೇರವಾಗಿ ಊದುತ್ತಿರುತ್ತದೆ.

ಇವತ್ತು ಸಂಜೆಯೇ ಎರಡನ್ನೂ ಹೊರಗೆ ತೆಗೆದು ಎರಡು ಸ್ಟೂಲಿನ ಮೇಲಿಡಿ. ಕೋಣೆಯ ಉದ್ದಕ್ಕೆ ಮುಖ ಮಾಡಿ, ಸ್ಪೀಕರ್‌ನ ಮುಂಬದಿ ಗೋಡೆಯಿಂದ ಸುಮಾರು 2 ಅಡಿ ಮುಂದಿರಲಿ. ಎರಡರ ನಡುವೆ 6½ರಿಂದ 7 ಅಡಿ. ನೀವು ಕೂರುವ ಜಾಗಕ್ಕೂ ಪ್ರತಿ ಸ್ಪೀಕರ್‌ಗೂ ಅಷ್ಟೇ ದೂರ, ಅಥವಾ ಒಂದಡಿ ಹೆಚ್ಚು. ಟ್ವೀಟರ್ (ಮೇಲಿನ ಸ್ವರಗಳನ್ನು ನುಡಿಸುವ ಪುಟ್ಟ ಸ್ಪೀಕರ್) ಕೂತವರ ಕಿವಿಯ ಮಟ್ಟಕ್ಕೆ ಬರಬೇಕು; ಸಾಮಾನ್ಯ ಸೋಫಾಕ್ಕೆ ನೆಲದಿಂದ 36ರಿಂದ 40 ಇಂಚು. ಇದು ಒಗ್ಗಿದರೆ ಆಮೇಲೆ ಬಡಗಿಯಿಂದ ಸ್ಟ್ಯಾಂಡ್ ಮಾಡಿಸಿ. ತೋಟದಲ್ಲಿ ಕಡಿದು ಒಣಗಿಸಿದ ಸಿಲ್ವರ್ ಓಕ್ ಹಲಗೆ ಇದ್ದರೆ ಅದೇ ಸಾಕು: ನಡುವಿನ ಕಂಬವನ್ನು ಪೊಳ್ಳು ಪೆಟ್ಟಿಗೆಯಂತೆ ಮಾಡಿಸಿ ಒಣ ಮರಳು ತುಂಬಿದರೆ ಅಲುಗಾಡುವುದಿಲ್ಲ. ಮರಳು ನಿಜಕ್ಕೂ ಒಣಗಿರಲಿ. ಹಸಿ ಮರಳು ತುಂಬಿದರೆ ಎರಡು ಮಳೆಗಾಲದಲ್ಲಿ ಮರ ಉಬ್ಬಿ ಕೀಲು ಬಿಡುತ್ತದೆ. ಸ್ಪೀಕರ್ ಜಾರದಂತೆ ಸೈಕಲ್ ಟ್ಯೂಬಿನ ನಾಲ್ಕು ತುಂಡು ಕೆಳಗಿಡಿ.

ಎರಡನೆಯ ತಪ್ಪು ಸೋಫಾದ್ದಿರಬೇಕು. ನೀವು ಬರೆದಿಲ್ಲ, ಆದರೆ ಅದು ಹಿಂದಿನ ಗೋಡೆಗೆ ಅಂಟಿಕೊಂಡೇ ಇರುತ್ತದೆ; ಎಲ್ಲರ ಮನೆಯಲ್ಲೂ ಹಾಗೆಯೇ. ಎರಡು ಎದುರುಬದುರು ಗೋಡೆಗಳ ನಡುವೆ ಕೆಲವು ಕಂಪನಗಳು ಹೊರಹೋಗದೆ ನಿಂತು ಉಬ್ಬುತ್ತವೆ. ಲೆಕ್ಕ ಸುಲಭ: 343ನ್ನು (ಸೆಕೆಂಡಿಗೆ ಇಷ್ಟು ಮೀಟರ್, ಸದ್ದಿನ ವೇಗ) ಗೋಡೆಗಳ ನಡುವಿನ ದೂರದ (ಮೀಟರಿನಲ್ಲಿ) ಎರಡರಷ್ಟರಿಂದ ಭಾಗಿಸಿ. ನಿಮ್ಮ 14 ಅಡಿಗೆ 40 ಹರ್ಟ್ಸ್, 11 ಅಡಿಗೆ 51, 10 ಅಡಿ ಎತ್ತರಕ್ಕೆ 56. ಐದಿಂಚಿನ ವೂಫರ್‌ಗೆ 40 ಹೆಚ್ಚುಕಡಿಮೆ ಎಟುಕುವುದೇ ಇಲ್ಲ. 51ಕ್ಕೆ ಒಂದು ಕಡೆ ಗೋಡೆಯಿಲ್ಲ, ಹಾಗಾಗಿ ಅದು ಅಷ್ಟು ಬಲವಾಗಿ ನಿಲ್ಲಲಾರದು. ಉಳಿಯುವುದು 56, ಮತ್ತೆ 40ರ ದುಪ್ಪಟ್ಟಾದ 80. ಗೋಡೆಯ ಬುಡದಲ್ಲಿ ಈ ಕಂಪನಗಳ ಒತ್ತಡ ಗರಿಷ್ಠ. ತಲೆ ಗೋಡೆಗೆ ಆನಿಸಿದವರಿಗೆ ಬೇಸ್ ಯಾವಾಗಲೂ ದಪ್ಪವಾಗಿಯೇ ಕೇಳುತ್ತದೆ. ಪುಸ್ತಕದ ಪ್ರಕಾರ ಕೋಣೆಯ ಉದ್ದದ ಶೇ. 38ರಷ್ಟು, ನಿಮ್ಮಲ್ಲಿ 5 ಅಡಿ 4 ಇಂಚು, ಹಿಂದಿನ ಗೋಡೆ ಬಿಟ್ಟು ಕೂರಬೇಕು. ಅಷ್ಟು ಮುಂದೆ ಬಂದರೆ ಮನೆಯವರು ಓಡಾಡುವುದೆಲ್ಲಿ? ಎರಡಡಿ ಬಂದರೂ ವ್ಯತ್ಯಾಸ ಗೊತ್ತಾಗುತ್ತದೆ. ನಡುಮಧ್ಯ, ಅಂದರೆ 7 ಅಡಿಯಲ್ಲಿ ಮಾತ್ರ ಕೂರಬೇಡಿ. ಅಲ್ಲಿ ಒಂದು ಕಂಪನ ಮಾಯವಾಗಿ ಇನ್ನೊಂದು ಉಬ್ಬಿರುತ್ತದೆ.

ಇನ್ನು ಗಾಜು. ನೀವು ಸೋಫಾದಲ್ಲಿ ಕೂತು, ಒಬ್ಬರ ಕೈಯಲ್ಲಿ ಮುಖ ನೋಡುವ ಕನ್ನಡಿ ಕೊಟ್ಟು ಕಿಟಕಿಗುಂಟ ನಡೆಸಿ. ಕನ್ನಡಿಯಲ್ಲಿ ಎಡ ಸ್ಪೀಕರ್ ಕಾಣುವ ಜಾಗದಿಂದಲೇ ಸದ್ದು ಪುಟಿದು ನಿಮ್ಮ ಕಿವಿಗೆ ಬರುವುದು. ಅಲ್ಲಿಗೆ ದಪ್ಪ ಪರದೆ ಬೇಕು. ಆರಡಿ ಕಿಟಕಿಗೆ ಆರಡಿ ಬಟ್ಟೆ ಬಿಗಿದರೆ ಪ್ರಯೋಜನ ಕಡಿಮೆ. ಹನ್ನೆರಡು ಅಡಿ ತೆಗೆದುಕೊಂಡು ನೆರಿಗೆ ಬರುವಂತೆ, ಗಾಜಿನಿಂದ 4–6 ಇಂಚು ಮುಂದೆ ಇಳಿಬಿಡಿ. ಬಲಗಡೆ ಗೋಡೆಯಿಲ್ಲದ್ದನ್ನು ನೀವು ಕೊರತೆ ಎಂಬಂತೆ ಬರೆದಿದ್ದೀರಿ. ಅದು ನಿಮ್ಮ ಭಾಗ್ಯ. ಆ ಕಡೆಯಿಂದ ಪುಟಿಯುವುದೇ ಇಲ್ಲ. ತೊಂದರೆ ಒಂದೇ, ದನಿ ಗಾಜಿನ ಕಡೆಗೆ ಎಳೆದಂತಾಗುತ್ತದೆ. ಪರದೆ ಬಿದ್ದ ಮೇಲೂ ಹಾಗಿದ್ದರೆ ಎಡ ಸ್ಪೀಕರನ್ನು ಇನ್ನಷ್ಟು ನಿಮ್ಮತ್ತ ತಿರುಗಿಸಿ, ಕೊನೆಗೆ ಬ್ಯಾಲೆನ್ಸ್ ಗುಂಡಿಯನ್ನು ಕೂದಲೆಳೆಯಷ್ಟು ಬಲಕ್ಕೆ. ಆ ಗುಂಡಿ ಇರುವುದೇ ಇದಕ್ಕೆ, ಯಾರೂ ಮುಟ್ಟುವುದಿಲ್ಲ.

ಸ್ಪೀಕರ್‌ಗೂ ಸೋಫಾಕ್ಕೂ ನಡುವೆ 5×7 ಅಡಿಯ ದಪ್ಪ ಜಮಖಾನ ಹಾಸಿ, ಅದರಡಿಗೆ ಒಂದು ಹಳೆಯ ಕಂಬಳಿ. ಇದರಿಂದ ಚಪ್ಪಾಳೆ ತಟ್ಟಿದಾಗ ಬರುವ ‘ಟರ್ರ್’ ಎಂಬ ಮರುದನಿ ತಗ್ಗುತ್ತದೆ, ಬೇಸ್ ತಗ್ಗುವುದಿಲ್ಲ. ಹಿಂಬದಿ ತೂತಿಗೆ ಒಂದು ಕಾಲುಚೀಲ ಸುರುಳಿ ಸುತ್ತಿ ತುರುಕಿ ನೋಡಿ. ಬೇಸ್ ತೆಳ್ಳಗಾಗಿ ಬಿಗಿಯಾಗುತ್ತದೆ. ಇಷ್ಟವಾಗದಿದ್ದರೆ ತೆಗೆಯಿರಿ.

ಒಂದು ಸಲಕ್ಕೆ ಒಂದೇ ಬದಲಾವಣೆ. ಅದೇ ಹಾಡು, ಅದೇ ವಾಲ್ಯೂಮ್. ಕೊಂಚ ಜೋರಾದದ್ದೆಲ್ಲ ನಮ್ಮ ಕಿವಿಗೆ ಚೆನ್ನಾಗಿಯೇ ಕೇಳುವುದರಿಂದ ವಾಲ್ಯೂಮ್ ಬದಲಾದರೆ ಹೋಲಿಕೆ ಸುಳ್ಳಾಗುತ್ತದೆ.

ಮೊಟ್ಟೆಯ ಟ್ರೇ ಅಂಟಿಸಿದರೆ ಸೌಂಡ್‌ಪ್ರೂಫ್ ಆಗುತ್ತದಂತೆ. ನಮ್ಮಲ್ಲಿ ಕಾಫಿಯ ಗೋಣಿಚೀಲಗಳೂ ಬೇಕಾದಷ್ಟಿವೆ. ಏನಾದರೂ ಮಾಡಬಹುದೇ? — ಸೋಮವಾರಪೇಟೆ

ಮೊಟ್ಟೆಯ ಟ್ರೇ ಮೊಟ್ಟೆಗೆ ಒಳ್ಳೆಯದು. ಅದು ತೆಳು ರಟ್ಟು, ತೀರ ಮೇಲಿನ ಕಂಪನಗಳನ್ನು ಅಷ್ಟಿಷ್ಟು ಚದುರಿಸುತ್ತದೆ. ಕೆಳಗಿನವು ಅದನ್ನು ಲೆಕ್ಕಕ್ಕೇ ಇಡುವುದಿಲ್ಲ. ನಿಮ್ಮ ಹವೆಯಲ್ಲಿ ಎರಡು ತಿಂಗಳಿಗೆ ಬೂಸ್ಟು ಹಿಡಿಯುತ್ತದೆ, ಬೆಂಕಿಯೂ ಬೇಗ ಹಿಡಿಯುತ್ತದೆ. ಥರ್ಮಾಕೋಲ್ ಕೂಡ ಬೇಡ. ಅದರ ರಂಧ್ರಗಳು ಮುಚ್ಚಿದವು, ಗಾಳಿ ಒಳಹೋಗದು. ಇನ್ನೊಂದು ಮಾತು: ಕೋಣೆಯೊಳಗಿನ ಮರುದನಿ ತಗ್ಗಿಸುವುದು ಬೇರೆ, ಸದ್ದು ಹೊರಹೋಗದಂತೆ ತಡೆಯುವುದು ಬೇರೆ. ಎರಡನೆಯದಕ್ಕೆ ತೂಕದ ಗೋಡೆ, ಸಂದಿಯಿಲ್ಲದ ಬಾಗಿಲು ಬೇಕು. ಕೆಳಗೆ ಹೇಳುವ, ಗೋಡೆಗೆ ನೇತುಹಾಕಿ ಸದ್ದು ಹೀರಿಸುವ ಪ್ಯಾನೆಲ್ ಮೊದಲನೆಯದಕ್ಕೆ ಮಾತ್ರ.

ಒಂದು ಪ್ಯಾನೆಲ್‌ಗೆ ಬೇಕಾದ್ದು: ರಾಕ್‌ವೂಲ್ (ಕಲ್ಲಿನ ಎಳೆಗಳ ಉಣ್ಣೆ) ಹಲಗೆ ಒಂದು, 1200×600 ಮಿ.ಮೀ., 50 ಮಿ.ಮೀ. ದಪ್ಪ, ಸಾಂದ್ರತೆ ಘನ ಮೀಟರಿಗೆ 48 ಕೆ.ಜಿ. ಮರದ ಪಟ್ಟಿ 100 ಮಿ.ಮೀ. ಅಗಲ, 19 ಮಿ.ಮೀ. ದಪ್ಪದ್ದು: 1240 ಮಿ.ಮೀ. ಉದ್ದದ್ದು ಎರಡು, 600ರದ್ದು ಎರಡು. ರಾಕ್‌ವೂಲ್ ಹಿಂದಕ್ಕೆ ಜಾರದಂತೆ ಆನಿಕೆಗೆ 600ರ ತೆಳು ರೀಪು ಎರಡು. ಒಂದೂವರೆ ಇಂಚಿನ ಸ್ಕ್ರೂ ಎಂಟು. ಒಳಗೆ ಸುತ್ತಲು ತೆಳು ಹತ್ತಿ ಬಟ್ಟೆ, ಮೇಲೆ ಮುಸುಕಲು 1×1.6 ಮೀಟರ್ ಬಟ್ಟೆ.

ಚೌಕಟ್ಟು ಜೋಡಿಸಿ. ಮುಂಬದಿಯಿಂದ 50 ಮಿ.ಮೀ. ಒಳಗೆ ರೀಪುಗಳನ್ನು ಬಡಿಯಿರಿ. ರಾಕ್‌ವೂಲನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ ಮುಂದಿನಿಂದ ಕೂರಿಸಿ. ಅದರ ಹಿಂದೆ ತಾನಾಗಿಯೇ 50 ಮಿ.ಮೀ. ಗಾಳಿ ಉಳಿಯುತ್ತದೆ. ಆ ಖಾಲಿ ಜಾಗ ಪುಕ್ಕಟೆ ಸಿಗುವ ರಾಕ್‌ವೂಲ್ ಎಂದು ತಿಳಿಯಿರಿ: ಗೋಡೆಗೆ ಅಂಟಿಸಿದ ಪ್ಯಾನೆಲ್‌ಗಿಂತ ಗಾಳಿ ಬಿಟ್ಟದ್ದು ಇನ್ನೂ ಕೆಳಗಿನ ಕಂಪನಗಳವರೆಗೆ ಕೆಲಸ ಮಾಡುತ್ತದೆ. ಮುಸುಕು ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಂದಕ್ಕೆ ಮಡಚಿ ಸ್ಟೇಪಲ್ ಹೊಡೆಯಿರಿ. ಮೊದಲು ನಾಲ್ಕು ಬದಿಯ ನಡುಭಾಗ, ಆಮೇಲೆ ಮೂಲೆಗಳು. ಮೂಲೆಯಿಂದ ಶುರುಮಾಡಿದರೆ ಸುಕ್ಕು ಬಿಡುವುದಿಲ್ಲ. ರಾಕ್‌ವೂಲ್ ಕೊಯ್ಯುವುದಿದ್ದರೆ ಬ್ರೆಡ್ಡಿನ ಹಲ್ಲುಚಾಕು ಹಿಡಿಯಿರಿ. ಮಾಸ್ಕ್, ಕೈಗವಸು, ತುಂಬುತೋಳಿನ ಅಂಗಿ ಕಡ್ಡಾಯ. ಒಂದು ಗಂಟೆ ಬರಿಗೈಯಲ್ಲಿ ಮಾಡಿದವರು ರಾತ್ರಿಯಿಡೀ ತುರಿಸಿಕೊಳ್ಳುತ್ತಾರೆ.

ಗೋಣಿ ಮುಸುಕಿಗೆ ನಿಜಕ್ಕೂ ಒಳ್ಳೆಯ ಬಟ್ಟೆ. ಬಾಯಿಗಿಟ್ಟು ಊದಿ: ಉಸಿರು ಸಲೀಸಾಗಿ ಆಚೆ ಹೋದರೆ ಸದ್ದೂ ಹೋಗುತ್ತದೆ. ರೆಕ್ಸಿನ್, ಪ್ಲಾಸ್ಟಿಕ್ ಹೆಣೆದ ಚೀಲ ಈ ಪರೀಕ್ಷೆಯಲ್ಲಿ ಫೇಲು. ಆದರೆ ಕಾಫಿ ತುಂಬಿದ್ದ ಹಳೆಯ ಚೀಲ ಬೇಡ, ಹೊಸದು ಹಿಡಿಯಿರಿ; ಹಳೆಯದರಲ್ಲಿ ಹುಳುವಿನ ಮೊಟ್ಟೆ, ದೂಳು ಎರಡೂ ಇರುತ್ತವೆ. ಹೊಸ ಗೋಣಿಗೆ ಎಣ್ಣೆಯ ವಾಸನೆ ಇರುತ್ತದೆ, ಸೋಪಿನಲ್ಲಿ ತೊಳೆದು ಕಣದ ಬಿಸಿಲಿಗೆ ಎರಡು ದಿನ ಹಾಕಿ. ಒಂದೇ ಚೀಲ ಬಿಚ್ಚಿದರೆ ಉದ್ದ ಸಾಲದು, ಎರಡನ್ನು ಜೋಡಿಸಿ ಹೊಲಿಯಬೇಕು.

ಆರು ಪ್ಯಾನೆಲ್ ಮಾಡಿದರೆ: ಕನ್ನಡಿಯಲ್ಲಿ ಸ್ಪೀಕರ್ ಕಂಡ ಜಾಗಗಳಿಗೆ ಎರಡು, ತಲೆಯ ಹಿಂದೆ ಎರಡು, ಉಳಿದೆರಡು ಸ್ಪೀಕರ್ ಹಿಂದಿನ ಮೂಲೆಗಳಿಗೆ ಅಡ್ಡಲಾಗಿ. ಮೂಲೆಯವಕ್ಕೆ 100 ಮಿ.ಮೀ. ರಾಕ್‌ವೂಲ್ ಹಾಕಿದರೆ ಇನ್ನೂ ಒಳ್ಳೆಯದು. 50 ಹರ್ಟ್ಸ್‌ನ ಅಲೆಯ ಉದ್ದ ಹತ್ತಿರ ಹತ್ತಿರ 7 ಮೀಟರ್. ಅದನ್ನು ನಾಲ್ಕಿಂಚಿನ ರಾಕ್‌ವೂಲ್ ಪೂರ್ತಿ ಹೀರಿಬಿಡುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹೊರಗೋಡೆ ಮಳೆಗಾಲದಲ್ಲಿ ಬೆವರುವ ಮನೆಯಾದರೆ ಪ್ಯಾನೆಲನ್ನು ಗೋಡೆಯಿಂದ ಒಂದಿಂಚು ಬಿಡಿಸಿ ನೇತುಹಾಕಿ, ತಿಂಗಳಿಗೊಮ್ಮೆ ಹಿಂದೆ ಕೈಯಾಡಿಸಿ ನೋಡಿ. ರಾಕ್‌ವೂಲ್ ಕೊಳೆಯುವುದಿಲ್ಲ, ಗೋಣಿ ಕೊಳೆಯುತ್ತದೆ.

ಸ್ಪೀಕರ್‌ಗೆ ಎಷ್ಟು ದಪ್ಪದ ವೈರ್? ದುಬಾರಿಯದ್ದರಿಂದ ಸೌಂಡ್ ಸುಧಾರಿಸುತ್ತದೆಯೇ? — ಕುಶಾಲನಗರ

8 ಓಮ್ ಸ್ಪೀಕರ್‌ಗೆ 1.5 ಚದರ ಮಿ.ಮೀ. ತಾಮ್ರದ ವೈರ್ ಸಾಕು. 5 ಮೀಟರ್ ದೂರಕ್ಕೆ ಹೋಗಿಬರುವ ಒಟ್ಟು ರೋಧ ಸುಮಾರು 0.12 ಓಮ್; ಅದು 0.4 ದಾಟದಿದ್ದರೆ ಚಿಂತೆಯಿಲ್ಲ. ಸ್ಪೀಕರ್ 4 ಓಮ್‌ನದಾದರೆ, ಅಥವಾ ದೂರ 10 ಮೀಟರ್ ಮೀರಿದರೆ 2.5 ಹಾಕಿ. ‘ಕಾಪರ್’ ಎಂದು ಮಾರುವ ಕೆಲವು ವೈರ್ ಒಳಗೆ ಅಲ್ಯೂಮಿನಿಯಂ, ಮೇಲಷ್ಟೇ ತಾಮ್ರದ ಲೇಪ. ಚಾಕುವಿನಿಂದ ಒಂದೆಳೆ ಕೆರೆದರೆ ಬೆಳ್ಳಗೆ ಕಾಣುತ್ತದೆ. ಒಳಗೂ ತಾಮ್ರವಿದ್ದರೆ ದುಬಾರಿಯದ್ದಕ್ಕೂ ಇದಕ್ಕೂ ಕಿವಿಗೆ ವ್ಯತ್ಯಾಸವಿಲ್ಲ.

ವೈರ್‌ಗಿಂತ ಮುಖ್ಯ ಪ್ಲಸ್–ಮೈನಸ್. ಒಂದು ಕಡೆ ಅದಲುಬದಲಾದರೆ ಬೇಸ್ ಮಾಯ, ಹಾಡುವವರು ಎಲ್ಲಿದ್ದಾರೆಂದೇ ತಿಳಿಯದು. ಅನುಮಾನವಿದ್ದರೆ ಆಂಪ್ಲಿಫೈಯರ್‌ನಿಂದ ವೈರ್ ಬಿಚ್ಚಿ ಅದರ ತುದಿಗೆ ಟಾರ್ಚಿನ 1.5 ವೋಲ್ಟ್ ಸೆಲ್ಲನ್ನು ಕ್ಷಣಮಾತ್ರ ತಾಗಿಸಿ. ಪ್ಲಸ್‌ಗೆ ಪ್ಲಸ್ ತಾಗಿದಾಗ ವೂಫರ್‌ನ ಕೋನು ಹೊರಕ್ಕೆ ಚಿಮ್ಮಬೇಕು, ಎರಡೂ ಸ್ಪೀಕರ್‌ಗಳಲ್ಲಿ ಒಂದೇ ರೀತಿ.

ಹಳೆಯ ಹೆಂಚಿನ ಮನೆ. ಮಳೆಗಾಲ ಬಂತೆಂದರೆ ಆಂಪ್ಲಿಫೈಯರ್‌ನ ವಾಲ್ಯೂಮ್ ತಿರುಗಿಸಿದಾಗ ಕರಕರ ಸದ್ದು, ಒಮ್ಮೊಮ್ಮೆ ಬಲ ಸ್ಪೀಕರ್ ಪೂರ್ತಿ ನಿಂತುಹೋಗಿ, ವಾಲ್ಯೂಮ್ ಏರಿಸಿದರೆ ‘ಟಪ್’ ಎಂದು ಬರುತ್ತದೆ. ಸ್ಪೀಕರ್ ಕಾಗದದ ಮೇಲೆ ಬಿಳಿ ಬೂಸ್ಟು. ಹೊಸದೇ ಕೊಳ್ಳಬೇಕೇ? — ನಾಪೋಕ್ಲು

ಬೇಡ, ಮೊದಲು ಒಣಗಿಸಿ. ನಿಮ್ಮ ಮನೆಯ ಹಲಗೆ ಅಟ್ಟ, ಎತ್ತರದ ಮಾಡು ಸಂಗೀತಕ್ಕೆ ಬಹಳ ಒಳ್ಳೆಯವು. ಕಾಂಕ್ರೀಟಿನಂತೆ ಬೇಸನ್ನು ಹಿಂದಕ್ಕೆ ಎಸೆಯದೆ ಮರ ತುಸು ಬಾಗಿ ನುಂಗಿಕೊಳ್ಳುತ್ತದೆ. ಕೋಣೆ ಸರಿಯಾಗಿದೆ, ತೇವ ಕಾಡುತ್ತಿದೆ.

ಕರಕರ ಎಂದರೆ ವಾಲ್ಯೂಮ್ ಗುಂಡಿಯ ಒಳಗಿನ ಕರಿಪಟ್ಟಿಯ ಮೇಲೆ ಪಾಚಿಯಂತೆ ಕೂತ ಕೊಳೆ. ಪ್ಲಗ್ ಕಿತ್ತು ಕನಿಷ್ಠ 15 ನಿಮಿಷ ಕಾಯಿರಿ. ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ ಕರೆಂಟು ಉಳಿದಿರುತ್ತದೆ. ಮುಚ್ಚಳ ತೆಗೆದು, ಗುಂಡಿಯ ಹಿಂದಿನ ಪೆಟ್ಟಿಗೆಯ ಸಂದಿಗೆ ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಕ್ಲೀನರ್ ಒಂದೆರಡು ಚಿಮುಕು ಹೊಡೆದು, ಗುಂಡಿಯನ್ನು ಈ ತುದಿಯಿಂದ ಆ ತುದಿಗೆ ಮೂವತ್ತು ಸಲ ತಿರುಗಿಸಿ. ಅರ್ಧ ಗಂಟೆ ಒಣಗಲು ಬಿಟ್ಟು ಆಮೇಲೆ ಆನ್ ಮಾಡಿ. ಬಾಗಿಲ ತಿರುಗಣಿಗೆ ಹೊಡೆಯುವ ಸ್ಪ್ರೇ, ಹೊಲಿಗೆ ಯಂತ್ರದ ಎಣ್ಣೆ, ಕೊಬ್ಬರಿ ಎಣ್ಣೆ ಯಾವುದೂ ಬೇಡ. ಒಂದು ವಾರ ಚೆನ್ನಾಗಿದ್ದು ಆಮೇಲೆ ದೂಳು ಹಿಡಿದು ಮೊದಲಿಗಿಂತ ಹಾಳಾಗುತ್ತದೆ.

ನಿಂತು ನಿಂತು ‘ಟಪ್’ ಎಂದು ಬರುವುದು ರಿಲೇಯ, ಅಂದರೆ ಸ್ಪೀಕರ್‌ಗೆ ದಾರಿ ತೆರೆಯುವ ಒಳಗಿನ ಸ್ವಿಚ್ಚಿನ, ಲಕ್ಷಣ. ಆಂಪ್ಲಿಫೈಯರ್ ಆನ್ ಮಾಡಿ ಎರಡು ಮೂರು ಸೆಕೆಂಡಿಗೆ ಒಳಗೆ ‘ಟಿಕ್’ ಎನ್ನುತ್ತದಲ್ಲ, ಅದೇ. ಅದರ ಬಾಯಿ ಕಪ್ಪಾಗಿದ್ದರೆ ಸಣ್ಣ ಸಂಕೇತ ದಾಟುವುದಿಲ್ಲ, ದೊಡ್ಡದು ದಾಟುತ್ತದೆ. ಆದರೆ ರಿಲೇ ಎನ್ನುವ ಮುನ್ನ ಎರಡು ಪರೀಕ್ಷೆ. ಆಂಪ್ಲಿಫೈಯರ್ ಆಫ್ ಮಾಡಿ ಎಡ–ಬಲ ಸ್ಪೀಕರ್ ವೈರ್ ಅದಲುಬದಲು ಮಾಡಿ: ಈಗ ಎಡ ಸ್ಪೀಕರ್ ನಿಲ್ಲತೊಡಗಿದರೆ ದೋಷ ಆಂಪ್ಲಿಫೈಯರ್‌ನದು, ಬಲವೇ ನಿಂತರೆ ಸ್ಪೀಕರ್ ಅಥವಾ ವೈರಿನದು. ಆಂಪ್ಲಿಫೈಯರ್‌ನದೇ ಆದರೆ ಸ್ಪೀಕರ್ ಎ–ಬಿ ಸ್ವಿಚ್ಚನ್ನು ಇಪ್ಪತ್ತು ಸಲ ಒತ್ತಿ, ಹೆಡ್‌ಫೋನ್ ತೂತಿಗೆ ಪಿನ್ನನ್ನು ಹತ್ತು ಸಲ ಹಾಕಿ ತೆಗೆಯಿರಿ. ಎಷ್ಟೋ ಸಲ ಕೆಟ್ಟಿರುವುದು ಆ ಸಂಪರ್ಕಗಳೇ. ಆಗಲೂ ಸರಿಹೋಗದಿದ್ದರೆ ರಿಪೇರಿಯವರಿಗೆ ‘ರಿಲೇ ಬದಲಿಸಿ’ ಎಂದೇ ಹೇಳಿ. ಉಪ್ಪುಕಾಗದದಲ್ಲಿ ಉಜ್ಜಿಕೊಟ್ಟರೆ ಮುಂದಿನ ಕಕ್ಕಡದ ಮಳೆಗೆ ಮತ್ತೆ ಅಲ್ಲಿಗೇ ಹೋಗುತ್ತೀರಿ.

ಬೂಸ್ಟನ್ನು ಒಣ ಮೆದು ಬ್ರಷ್ಷಿನಿಂದ, ನಡುವಿನಿಂದ ಅಂಚಿಗೆ ಹಗುರವಾಗಿ ತೆಗೆಯಿರಿ, ಹೊರಗೆ ಜಗಲಿಯಲ್ಲಿ. ಕಾಗದದ ಕೋನಿಗೆ ನೀರು, ಸ್ಪಿರಿಟ್ ತಾಗಿಸಬೇಡಿ. ಅಂಚಿನ ಪಟ್ಟಿಯನ್ನು ಬೆರಳಲ್ಲಿ ಮೆಲ್ಲಗೆ ಮುಟ್ಟಿ: ರಬ್ಬರ್ ಆಗಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದು, ಫೋಮ್ ಆಗಿದ್ದು ಅಂಟಂಟಾಗಿ ಪುಡಿಯಾದರೆ ಅದರ ಆಯುಸ್ಸು ಮುಗಿದಿದೆ. ಫೋಮ್ ತೇವದಲ್ಲಿ ತಾನೇ ಕರಗುತ್ತದೆ. ಪಟ್ಟಿಯನ್ನಷ್ಟೇ ಬದಲಿಸಬಹುದು, ಇಡೀ ಸ್ಪೀಕರ್ ಎಸೆಯಬೇಕಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಂಪ್ಲಿಫೈಯರನ್ನು ದಿನಕ್ಕೆ ಒಂದು ಗಂಟೆ ಹಾಡಿಸಿ. ಅದರ ಬಿಸಿಯೇ ಔಷಧ. ಹೊರಗೋಡೆಗೆ ತಾಗಿಸಿ ಇಡಬೇಡಿ. ಬಾಗಿಲಿರುವ ಕಪಾಟಿನಲ್ಲಿ ಸಿಡಿ, ಕ್ಯಾಸೆಟ್, ಎಲ್‌ಪಿ ಇದ್ದರೆ ಅರ್ಧ ಕಿಲೋ ಸಿಲಿಕಾ ಜೆಲ್ ಬಟ್ಟೆಯ ಚೀಲದಲ್ಲಿಟ್ಟು, ಬಣ್ಣ ತಿರುಗಿದಾಗ ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕೈಯಾಡಿಸಿ ಮತ್ತೆ ಒಣಗಿಸಿ. ಪುಟ್ಟ ತೇವಮಾಪಕ ಒಂದು ಒಳಗಿರಲಿ, ಶೇ. 60ಕ್ಕಿಂತ ಕೆಳಗಿದ್ದರೆ ಬೂಸ್ಟಿನ ಚಿಂತೆಯಿಲ್ಲ. ಒಲೆಯ ಮೇಲಿನ ಅಟ್ಟ ಒಣಗಿರುತ್ತದೆಂದು ಅಲ್ಲಿಗೆ ಏರಿಸುವವರಿದ್ದಾರೆ. ಮಸಿ ಮತ್ತು ಜಿಡ್ಡು ಒಳಹೊಕ್ಕರೆ ಬೂಸ್ಟಿಗಿಂತ ಕಷ್ಟ.

ಸ್ಪೀಕರ್‌ನಲ್ಲಿ ಸದಾ ‘ಹೂಂ’ ಎಂಬ ಸದ್ದು. ಡಿಶ್ ಬಾಕ್ಸ್ ಸಂಪರ್ಕಿಸಿದ ಮೇಲೆ ಹೆಚ್ಚಾಗಿದೆ. ಮೂರು ಪಿನ್ನಿನ ಪ್ಲಗ್‌ನಲ್ಲಿ ಅರ್ಥ್ ಪಿನ್ ಕತ್ತರಿಸಿದರೆ ಹೋಗುತ್ತದೆಂದು ಒಬ್ಬರು ಹೇಳಿದರು. — ಮಡಿಕೇರಿ

ಹೋಗುತ್ತದೆ. ಜೊತೆಗೆ ನಿಮ್ಮ ಜೀವಕ್ಕಿದ್ದ ಕಾವಲೂ ಹೋಗುತ್ತದೆ. ಒಳಗೆ ಫೇಸ್ ವೈರ್ ಸಡಿಲವಾಗಿ ಲೋಹದ ಮೈಗೆ ತಾಗಿದ ದಿನ, ಒದ್ದೆ ನೆಲದ ಮೇಲೆ ನಿಂತು ವಾಲ್ಯೂಮ್ ತಿರುಗಿಸುವವರು ಯಾರಿರುತ್ತಾರೋ. ಖಂಡಿತ ಬೇಡ.

ಹುಡುಕುವ ಕ್ರಮ ಇದು. ವಾಲ್ಯೂಮ್ ಸೊನ್ನೆಗೆ ಇಳಿಸಿ, ಹಿಂದಿನ ಎಲ್ಲ ಕೇಬಲ್ ಕಿತ್ತು, ಸ್ಪೀಕರ್ ಮಾತ್ರ ಉಳಿಸಿ. ಆಗಲೂ ಹೂಂಗುಟ್ಟಿದರೆ ಆಂಪ್ಲಿಫೈಯರ್ ಒಳಗಿನ ಫಿಲ್ಟರ್ ಕೆಪಾಸಿಟರ್ ಸೋತಿರಬಹುದು, ರಿಪೇರಿಗೆ ಕೊಡಿ. ಸದ್ದು ನಿಂತರೆ ಒಂದೊಂದೇ ಕೇಬಲ್ ಹಾಕುತ್ತ ಬನ್ನಿ. ಡಿಶ್ ಬಾಕ್ಸ್ ಹಾಕಿದಾಗ ಶುರುವಾದರೆ, ಬಾಕ್ಸ್ ಹಾಗೇ ಇರಲಿ, ಮಾಡಿನ ತಟ್ಟೆಯಿಂದ ಬರುವ ದಪ್ಪ ಕೇಬಲನ್ನು ಮಾತ್ರ ತಿರುಗಿಸಿ ಬಿಚ್ಚಿ. ಸದ್ದು ಹೋಯಿತೇ? ಹಾಗಿದ್ದರೆ ಕಾರಣ ಸ್ಪಷ್ಟ: ತಟ್ಟೆಯ ಕಂಬ ಒಂದು ಕಡೆ ಭೂಮಿಗೆ, ಆಂಪ್ಲಿಫೈಯರ್ ಪ್ಲಗ್ಗಿನ ಮೂಲಕ ಇನ್ನೊಂದು ಕಡೆ ಭೂಮಿಗೆ; ಎರಡು ಭೂಮಿಗಳ ನಡುವಿನ ಸಣ್ಣ ವೋಲ್ಟೇಜ್ ನಿಮ್ಮ ಆಡಿಯೋ ಕೇಬಲಿನ ಹೊರ ಎಳೆಯಲ್ಲಿ ಸುತ್ತುತ್ತಿದೆ. ಬಾಕ್ಸ್‌ನಲ್ಲಾಗಲಿ ಟಿವಿಯಲ್ಲಾಗಲಿ ಆಪ್ಟಿಕಲ್ ಔಟ್ ಇದ್ದರೆ ಅದನ್ನೇ ಬಳಸಿ. ಬೆಳಕಿನ ಕೇಬಲಿನಲ್ಲಿ ಕರೆಂಟು ಹರಿಯುವುದಿಲ್ಲ, ಸುತ್ತು ಮುರಿಯಿತು. ಆಪ್ಟಿಕಲ್ ಇಲ್ಲದಿದ್ದರೆ ಆಡಿಯೋ ಕೇಬಲಿನ ನಡುವೆ ಈ ಸುತ್ತನ್ನು ಮುರಿಯುವ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ. ತೀರ ಅಗ್ಗದ್ದು ಬೇಸನ್ನು ಸ್ವಲ್ಪ ತಿನ್ನುತ್ತದೆ. ಯಾವುದಕ್ಕೂ ಮೊದಲು ಟಿವಿ, ಬಾಕ್ಸ್, ಆಂಪ್ಲಿಫೈಯರ್ ಮೂರನ್ನೂ ಒಂದೇ ಸಾಕೆಟ್ ಬೋರ್ಡಿಗೆ ಹಾಕಿ ನೋಡಿ, ಖರ್ಚಿಲ್ಲದೆ ಮುಗಿಯಬಹುದು.

ಇನ್ನೊಂದು ಪರೀಕ್ಷೆ, ಎಲೆಕ್ಟ್ರಿಷಿಯನ್ ಕೈಯಿಂದ: ಸಾಕೆಟ್ಟಿನಲ್ಲಿ ನ್ಯೂಟ್ರಲ್–ಅರ್ಥ್ ನಡುವೆ ಎಷ್ಟು ವೋಲ್ಟ್? ಎರಡು ಮೂರರೊಳಗೆ ಇರಬೇಕು. ಹದಿನೈದು ಇಪ್ಪತ್ತು ತೋರಿಸಿದರೆ ನ್ಯೂಟ್ರಲ್ ಎಲ್ಲೋ ಸಡಿಲ, ಇಲ್ಲವೇ ಅರ್ಥ್ ಗುಂಡಿ ಒಣಗಿದೆ. ಮಳೆಗಾಲದಲ್ಲಿ ಸರಿಯಿದ್ದ ಅರ್ಥಿಂಗ್ ಫೆಬ್ರುವರಿ–ಮಾರ್ಚಿಗೆ ಕೈಕೊಡುವುದು ಸಾಮಾನ್ಯ. ಇದ್ದಿಲು–ಉಪ್ಪಿನ ಗುಂಡಿಗೆ ವಾರಕ್ಕೊಂದು ಬಕೆಟ್ ನೀರು ಹಾಕಬೇಕು.

ಕರೆಂಟು ಹೋದಾಗ ಮಾತ್ರ ‘ಜುಯ್’ ಎಂದರೆ ಅದು ಸ್ಕ್ವೇರ್ ವೇವ್ ಇನ್ವರ್ಟರಿನ ಸದ್ದು. ಸೈನ್ ವೇವ್ ಇನ್ವರ್ಟರ್ ಒಂದೇ ದಾರಿ. ಹೂಮಳೆಯ ಗುಡುಗು ಶುರುವಾದಾಗ ಮೇನ್ ಪ್ಲಗ್ ಜೊತೆಗೆ ಡಿಶ್ ಕೇಬಲನ್ನೂ ಕೀಳಿ. ಬರೀ ಸ್ವಿಚ್ ಆಫ್ ಮಾಡಿದರೆ ಸಿಡಿಲಿಗೆ ತಡೆಯಲ್ಲ.

ಮೇಲೆ ಜಿಂಕ್ ಶೀಟ್. ಮಳೆ ಬಂದರೆ ಟಿವಿಯ ಮಾತು ಕೇಳುವುದೇ ಇಲ್ಲ. ಇನ್ನೂ ದೊಡ್ಡ ಸ್ಪೀಕರ್? — ಸುಂಟಿಕೊಪ್ಪ

ಕಿವಿಗೆ ಎರಡರಷ್ಟು ಜೋರೆನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅದಕ್ಕೆ ಹತ್ತರಷ್ಟು ವ್ಯಾಟ್ ಬೇಕು. ಮಳೆಯೊಂದಿಗೆ ಪೈಪೋಟಿ ಬೇಡ. ಕುರ್ಚಿಯನ್ನು ಸ್ಪೀಕರ್‌ನ ಅರ್ಧ ದೂರಕ್ಕೆ ಎಳೆದುಕೊಳ್ಳಿ, ಕೋಣೆಯೊಳಗೆ ಮೂರು ನಾಲ್ಕು ಡೆಸಿಬೆಲ್ ಪುಕ್ಕಟೆ ಸಿಗುತ್ತದೆ. ಸೌಂಡ್‌ಬಾರ್ ಇದ್ದರೆ ಡೈಲಾಗ್ ಅಥವಾ ನೈಟ್ ಮೋಡ್ ಹಾಕಿ, ಬೇಸ್ ಇಳಿಸಿ. ಮುಂದಿನ ಬೇಸಿಗೆಯಲ್ಲಿ ಶೀಟಿನ ಕೆಳಗೆ ಜಿಪ್ಸಂ ಸೀಲಿಂಗ್ ಮಾಡಿಸಿ ಅದರ ಮೇಲೆ 50 ಮಿ.ಮೀ. ಗಾಜಿನ ಉಣ್ಣೆ ಹಾಸಿದರೆ ಸದ್ದೂ ಬಿಸಿಲೂ ತಗ್ಗುತ್ತವೆ. ಶೀಟ್ ಸೋರುವಂತಿದ್ದರೆ ಮೊದಲು ಅದನ್ನು ಸರಿಮಾಡಿಸಿ. ನೆನೆದ ಉಣ್ಣೆ ಸೀಲಿಂಗನ್ನೇ ಕೆಡವುತ್ತದೆ.

10×10 ಅಡಿ ಕೋಣೆ, ಎತ್ತರವೂ 10. ಹೊಸ ಸಬ್‌ವೂಫರ್ ಒಂದೇ ಸ್ವರದಲ್ಲಿ ‘ಬೂಂ ಬೂಂ’ ಎನ್ನುತ್ತದೆ. — ಗೋಣಿಕೊಪ್ಪ

ಮೂರು ಅಳತೆಯೂ ಒಂದೇ ಆದ್ದರಿಂದ ಮೂರು ದಿಕ್ಕಿನ ಕಂಪನವೂ 56 ಹರ್ಟ್ಸ್‌ನಲ್ಲೇ ಬಂದು ಕೂತಿದೆ. ಇದಕ್ಕಿಂತ ಕೆಟ್ಟ ಆಕಾರ ಸಿಗುವುದು ಕಷ್ಟ. ಸಬ್‌ವೂಫರ್ ಮೂಲೆಯಲ್ಲಿದ್ದರೆ ಮೂರನ್ನೂ ಪೂರ್ತಿ ಎಬ್ಬಿಸುತ್ತದೆ; ಗೋಡೆಯ ಮಧ್ಯಕ್ಕೆ ತಂದರೆ ಆ ಗೋಡೆಗುಂಟ ಸಾಗುವ ಕಂಪನವೊಂದು ಹೆಚ್ಚು ಏಳುವುದಿಲ್ಲ.

ಸರಿಯಾದ ಜಾಗ ಹುಡುಕಲು: ಸಬ್‌ವೂಫರನ್ನು ನೀವು ಕೂರುವ ಕುರ್ಚಿಯ ಮೇಲೆಯೇ ಇಡಿ. ಬೇಸ್ ಗಿಟಾರ್ ಮೇಲೆ ಕೆಳಗೆ ಓಡಾಡುವ ಹಾಡೊಂದನ್ನು ಹಾಕಿ, ಗೋಡೆಗಳ ಬುಡದಲ್ಲಿ ಮಂಡಿಯೂರಿ ತೆವಳಿ. ಎಲ್ಲಿ ಪ್ರತಿ ಸ್ವರವೂ ಸಮನಾಗಿ ಕೇಳುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು. ಆಮೇಲೆ ಸಬ್‌ವೂಫರನ್ನು ಆ ಗುರುತಿಗೆ ತಂದು ನೀವು ಕುರ್ಚಿಗೆ ಹೋಗಿ. ಮನೆಯವರು ನಗುತ್ತಾರೆ, ನಗಲಿ. ಸಬ್‌ವೂಫರ್ ಯಾವ ಕಂಪನದವರೆಗೆ ನುಡಿಯಬೇಕೆಂದು ಹೇಳುವ ಕ್ರಾಸ್‌ಓವರ್ ಗುಂಡಿಯನ್ನು 80 ಹರ್ಟ್ಸ್‌ಗೆ ಇಡಿ. ಫೇಸ್ ಸ್ವಿಚ್ಚಿನ 0, 180 ಎರಡನ್ನೂ ಹಾಕಿ ನೋಡಿ, ಯಾವುದರಲ್ಲಿ ಬೇಸ್ ತುಂಬಿ ಬರುತ್ತದೋ ಅದೇ ಸರಿ. ಲೆವೆಲ್ಲನ್ನು ಸಬ್‌ವೂಫರ್ ಇದೆಯೆಂದು ಗೊತ್ತಾಗುವವರೆಗೆ ಏರಿಸಿ, ಅಲ್ಲಿಂದ ಒಂದು ಗೆರೆ ಇಳಿಸಿ.

‘ಬೂಂ’ ಜೊತೆಗೆ ಝಣಝಣ ಇದ್ದರೆ ಅದು ಸ್ಪೀಕರ್‌ನದಲ್ಲ. ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿ ಆಂಪ್ಲಿಫೈಯರ್‌ಗೆ ಸಂಪರ್ಕಿಸಿ, 25ರಿಂದ 120 ಹರ್ಟ್ಸ್‌ವರೆಗೆ ನಿಧಾನವಾಗಿ ಏರಿಸಿ. ಇನ್ನೊಬ್ಬರು ಕೋಣೆಯಲ್ಲಿ ಕೈಯಿಟ್ಟು ಹುಡುಕಲಿ. ಕಿಟಕಿಯ ಸಡಿಲ ಗಾಜು, ಶೋಕೇಸಿನ ಲೋಟಗಳು, ಗೋಡೆಯ ಚೌಕಟ್ಟಿನಲ್ಲಿ ತೂಗುಹಾಕಿದ ಒಡಿಕತ್ತಿ–ಪೀಚೆಕತ್ತಿ ಇಂಥವೇ ಇರುತ್ತವೆ. ಚೌಕಟ್ಟಿನ ನಾಲ್ಕು ಮೂಲೆಗೆ ಹಿಂಬದಿಯಿಂದ ಫೆಲ್ಟ್ ಬಿಲ್ಲೆ ಅಂಟಿಸಿದರೆ ಮುಗಿಯಿತು.

ಮೈಕ್ ಇಟ್ಟು ಅಳೆದು ಈಕ್ವಲೈಜರ್‌ನಿಂದಲೇ ಎಲ್ಲ ಸರಿಮಾಡಬಹುದಲ್ಲ? — ಪೊನ್ನಂಪೇಟೆ

ಎಲ್ಲ ಅಲ್ಲ, ಅರ್ಧ. ಕೋಣೆಯ ಸದ್ದು ಅಳೆಯುವ ರೂಮ್ ಈಕ್ಯೂ ವಿಝಾರ್ಡ್ ಎಂಬ ತಂತ್ರಾಂಶ ಉಚಿತ. ಕ್ಯಾಲಿಬ್ರೇಷನ್ ಫೈಲ್ (ಮೈಕಿನ ತಪ್ಪು ತಿದ್ದುವ ಪಟ್ಟಿ) ಜೊತೆ ಬರುವ ಯುಎಸ್‌ಬಿ ಮೈಕ್ ಒಂದು ಬೇಕು. ಮಾತಿಗೆಂದು ಮಾಡಿದ ಫೋನಿನ ಮೈಕನ್ನು ಬೇಸ್ ವಿಷಯದಲ್ಲಿ ನಂಬಬೇಡಿ. ಮೈಕನ್ನು ಕಿವಿಯ ಎತ್ತರಕ್ಕೆ ನಿಲ್ಲಿಸಿ, ಫ್ಯಾನ್ ಆರಿಸಿ, ಕೂರುವ ಜಾಗದ ಸುತ್ತ ಮೂರು ನಾಲ್ಕು ಕಡೆ ಅಳೆದು ಸರಾಸರಿ ತೆಗೆಯಿರಿ. 300 ಹರ್ಟ್ಸ್‌ಗಿಂತ ಮೇಲಿನದಕ್ಕೆ ಕೈಹಾಕದಿರುವುದು ವಾಸಿ. ಅಲ್ಲಿ ತಲೆ ಒಂದು ಗೇಣು ಸರಿದರೆ ಗ್ರಾಫೇ ಬೇರೆ.

ಉಬ್ಬನ್ನು ಇಳಿಸಿ, ಹಳ್ಳವನ್ನು ತುಂಬಬೇಡಿ. 56ರಲ್ಲಿ 8 ಡೆಸಿಬೆಲ್ ಉಬ್ಬಿದ್ದರೆ 5ರಿಂದ 6 ಡೆಸಿಬೆಲ್ ಕತ್ತರಿಸಿ, ಕ್ಯೂ (ಕತ್ತರಿಸುವ ಪಟ್ಟಿಯ ಅಗಲ; ಅಂಕಿ ಹೆಚ್ಚಿದಷ್ಟೂ ಕಿರಿದು) 4ರ ಆಸುಪಾಸು. ಹಳ್ಳ ಯಾಕೆ ತುಂಬಬಾರದು? ಉದಾಹರಣೆಗೆ ಸ್ಪೀಕರ್ ಮುಖ ತನ್ನ ಬೆನ್ನ ಹಿಂದಿನ ಗೋಡೆಯಿಂದ 2 ಅಡಿ ಇದ್ದರೆ 140 ಹರ್ಟ್ಸ್ ಸುಮಾರಿಗೆ ಒಂದು ಹಳ್ಳ ಬೀಳುತ್ತದೆ: ಹಿಂದಕ್ಕೆ ಹೋದ ಅಲೆ ಗೋಡೆಗೆ ಬಡಿದು ತಿರುಗಿ ಬರುವಷ್ಟರಲ್ಲಿ ಅರ್ಧ ಅಲೆ ತಡವಾಗಿ, ನೇರ ಬಂದದ್ದನ್ನು ಅಳಿಸುತ್ತದೆ. ನೀವು ಅಲ್ಲಿ 6 ಡೆಸಿಬೆಲ್ ಏರಿಸಿದರೆ ಆಂಪ್ಲಿಫೈಯರ್ ನಾಲ್ಕರಷ್ಟು ದುಡಿಯುತ್ತದೆ, ತಿರುಗಿ ಬರುವ ಅಲೆಯೂ ಅಷ್ಟೇ ಏರಿ ಮತ್ತೆ ಅಳಿಸುತ್ತದೆ. ಆ ಹಳ್ಳ ಸರಿಯಬೇಕಾದರೆ ಸ್ಪೀಕರನ್ನು ಮುಂದೆ ಹಿಂದೆ ಸರಿಸಬೇಕು.

ಆಕಾಶವಾಣಿ ಮಡಿಕೇರಿ 103.1 ಎಫ್‌ಎಂ ನಮ್ಮ ಟ್ಯೂನರ್‌ನಲ್ಲಿ ಬುಸ್ ಎನ್ನುತ್ತದೆ, ಗುಡ್ಡದ ಮರೆ. ಆಂಟೆನಾ ಮನೆಯಲ್ಲೇ ಮಾಡಬಹುದೇ? — ಭಾಗಮಂಡಲ

ಮಾಡಬಹುದು. ಎರಡೆಳೆಯ ಸಾಮಾನ್ಯ ವೈರನ್ನು ತುದಿಯಿಂದ 69 ಸೆಂ.ಮೀ. ಸೀಳಿ, ಎರಡೆಳೆಯನ್ನೂ ಅಡ್ಡಕ್ಕೆ ಎಳೆದು ಇಂಗ್ಲಿಷಿನ ‘ಟಿ’ ಆಕಾರ ಮಾಡಿ ಒಂದು ಬಿದಿರಿನ ಕೋಲಿಗೆ ಕಟ್ಟಿ. ತುದಿಯಿಂದ ತುದಿಗೆ 138 ಸೆಂ.ಮೀ. ಬರಬೇಕು, 103.1ಕ್ಕೆ ಹೊಂದುವ ಅಳತೆ ಅದು. ಸೀಳು ಮುಂದುವರಿಯದಂತೆ ಕವಲಿನಲ್ಲಿ ದಾರ ಬಿಗಿಯಿರಿ. ಕೆಳಗಿನ ಎರಡೆಳೆ ಟ್ಯೂನರ್‌ನ ಆಂಟೆನಾ ತಿರುಪುಗಳಿಗೆ. ಕೋಲಿನ ತುದಿಗಳಲ್ಲ, ಅಗಲಬದಿ ಮಡಿಕೇರಿಯತ್ತ ಇರಲಿ. ಮಾಡಿನ ಅಟ್ಟದಲ್ಲಿ ಎಷ್ಟು ಎತ್ತರಕ್ಕೆ ಆಗುತ್ತದೋ ಅಷ್ಟು; ಜಿಂಕ್ ಶೀಟಿನ ಕೆಳಗೆ ಬೇಡ, ಹೆಂಚಿನ ಕೆಳಗೆ ಆಗಬಹುದು. ಅಡ್ಡ ಕಟ್ಟಿದ್ದನ್ನು ಒಮ್ಮೆ ನೆಟ್ಟಗೆ ನಿಲ್ಲಿಸಿಯೂ ನೋಡಿ, ಯಾವುದರಲ್ಲಿ ಬುಸ್ ಕಡಿಮೆಯೋ ಹಾಗೆ ಬಿಡಿ. ಗುಡ್ಡಕ್ಕೆ ಪುಟಿದು ಬರುವ ಅಲೆಯಿಂದ ದನಿ ಒಡೆದಂತಿದ್ದರೆ ಒಂದೊಂದೇ ಗೇಣು ಸರಿಸುತ್ತ ಹೋಗಿ. ಎಲ್ಲ ಆದ ಮೇಲೂ ಬುಸ್ ಉಳಿದರೆ ಟ್ಯೂನರ್‌ನ ಮೋನೋ ಗುಂಡಿ ಒತ್ತಿ. ದುರ್ಬಲ ಸಂಕೇತದಲ್ಲಿ ಬುಸ್ ಹೆಚ್ಚಿಸುವುದು ಸ್ಟೀರಿಯೋ. ವಾರ್ತೆಗೆ, ಕೃಷಿ ಕಾರ್ಯಕ್ರಮಕ್ಕೆ ಮೋನೋದಿಂದ ನಷ್ಟವೇನಿಲ್ಲ.